ನಾಲ್ಕು ಬೆರಳು ನೀರು

ಹರಿಯುವ ನೀರಿಗೆ ನೆನಪಿರುತ್ತದೆಯೇ ಎಂದು ಮೊಮ್ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು. ಅಜ್ಜಿ ನಕ್ಕಿದ್ದಳು. "ಅದಕ್ಕೆ ನೆನಪಿದ್ದಿದ್ರೆ ನನ್ನನ್ನ ಯಾಕೆ ಇಲ್ಲಿ ಕೂರಿಸ್ತಿದ್ರು?"

ಅಜ್ಜಿಯ ಕೆಲಸ ನದಿಯ ಮಟ್ಟ ಬರೆಯುವುದು. ಸೇತುವೆಯ ದಡದ ಗೋಡೆಗೆ ಒಂದು ಉದ್ದನೆಯ ಹಲಗೆ ಬಡಿದಿತ್ತು. ಅದರ ಮೇಲೆ ಕಪ್ಪು ಬಿಳಿ ಗೆರೆಗಳು, ಮೀಟರು ಸೆಂಟಿಮೀಟರುಗಳ ಅಂಕೆಗಳು. ಪಕ್ಕದಲ್ಲೇ ನೀರಿನವರೆಗೆ ಕಲ್ಲಿನ ಮೆಟ್ಟಿಲು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಅಜ್ಜಿ ಮೆಟ್ಟಿಲಿಳಿಯುತ್ತಿದ್ದಳು. ನೀರಿನ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಮೇಲೆ ಕಣ್ಣು ಬಿಟ್ಟು ಅಂಕೆ ಓದಿ, ಮೇಲೆ ಬಂದು, ಸೇತುವೆಯ ಬುಡದ ಪುಟ್ಟ ಕೋಣೆಯಲ್ಲಿ ಪುಸ್ತಕಕ್ಕೆ ಬರೆದು, ಆಫೀಸಿಗೆ ಫೋನು ಮಾಡಿ ಹೇಳುತ್ತಿದ್ದಳು. ಮೊದಲು ಗಂಡ ಮಾಡುತ್ತಿದ್ದ ಕೆಲಸ ಅದು. ಅವನು ದೇವರ ಪಾದ ಸೇರಿದ ಮೇಲೆ ಇವಳಿಗೆ ಬಂತು. ಜ್ವರವಿರಲಿ, ಮಗಳ ಮದುವೆಯಿರಲಿ, ಮೂವತ್ತೊಂದು ವರ್ಷ ಒಂದು ಹೊತ್ತೂ ತಪ್ಪಿಸಿದವಳಲ್ಲ. ಇನ್ನು ಎರಡು ತಿಂಗಳಿಗೆ ನಿವೃತ್ತಿ.

ಮೊಮ್ಮಗಳಿಗೆ ಹದಿನಾರು. ಮಾತು ಕಲಿತಾಗಿನಿಂದ 'ಯಾಕೆ' ಅನ್ನದೆ ಒಂದು ದಿನವೂ ಕಳೆದವಳಲ್ಲವಾದ್ದರಿಂದ ಬೀದಿಯವರೆಲ್ಲ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಅವಳ ತಾಯಿಗೆ ಕೆಳಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ನದಿ ಆರು ಮೀಟರು ಮುಟ್ಟಿದರೆ ಮೊದಲು ನೀರು ನುಗ್ಗುವುದು ಆ ಬೀದಿಗೇ. ಅದಕ್ಕೇ ಸೇತುವೆಯ ಮೇಲೆ ಒಂದು ಸೈರನ್ ಇತ್ತು. ಅಜ್ಜಿ ಆರು ಎಂದು ಬರೆದರೆ ಅದು ಕೂಗಬೇಕು, ಜನ ಮೇಲಕ್ಕೆ ಹೋಗಬೇಕು.

ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಲು ಆಫೀಸಿನಿಂದ ಇಂಜಿನಿಯರಮ್ಮ ಬಂದದ್ದು ಯಾಕಮ್ಮನ ಪರೀಕ್ಷೆ ಮುಗಿದು ರಜೆ ಶುರುವಾದ ವಾರ. ಬೀದಿಗೆ ಬೀದಿಯೇ ಸೇತುವೆಯ ಮೇಲೆ ನಿಂತು ನೋಡಿತು. ಮೂವತ್ತೈದರ ಆಸುಪಾಸಿನ ಹೆಂಗಸು. ತಲೆಗೆ ಹಳದಿ ಹೆಲ್ಮೆಟ್ಟು, ಸೊಂಟಕ್ಕೂ ತೊಡೆಗೂ ಬಿಗಿದ ಪಟ್ಟಿ, ಆ ಪಟ್ಟಿಗೆ ಹಗ್ಗ. ಸೇತುವೆಯ ಕಟ್ಟೆ ದಾಟಿ, ಹಿಂದುಹಿಂದಕ್ಕೆ ಇಳಿದು, ಗಾಳಿಯಲ್ಲಿ ನೇತಾಡುತ್ತ, ಎರಡು ಬೋಲ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದು ಬಿಳಿ ಡಬ್ಬಿಯನ್ನು ಸೇತುವೆಯ ಹೊಟ್ಟೆಗೆ ಬಿಗಿಯುತ್ತಿದ್ದಳು.

"ಬಾವಲಿ ಥರ ನೇತಾಡ್ತಿದ್ದಾಳಲ್ಲೇ," ಎಂದಳು ತಾಯಿ. "ಇವಳ ಮನೇಲಿ ಹೇಳೋರು ಕೇಳೋರು ಇಲ್ವಾ?"

"ಕೇಳೋರು ಇದ್ದಾರೆ," ಕೆಳಗಿನಿಂದ ಉತ್ತರ ಬಂತು. "ದಿನಾ ಸಂಜೆ ಫೋನ್ ಮಾಡಿ, ಇವತ್ತು ಬಿದ್ಯಾ ಅಂತ ಕೇಳ್ತಾರೆ."

ಜನ ನಕ್ಕರು. ಯಾಕಮ್ಮ ನಗಲಿಲ್ಲ. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಹೆಂಗಸೊಬ್ಬಳು ನದಿಗೂ ಆಕಾಶಕ್ಕೂ ನಡುವೆ ಅಷ್ಟು ನಿರಾಳವಾಗಿ ಕೆಲಸ ಮಾಡಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಇಂಜಿನಿಯರಮ್ಮ ಮೇಲೆ ಬಂದ ಮೇಲೆ ಯಾಕಮ್ಮನೇ ಮೊದಲು ಕೇಳಿದಳು. "ಆ ಡಬ್ಬಿಗೆ ಕಣ್ಣಿಲ್ಲ. ನೀರು ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ ಅಕ್ಕ?"

"ಬಾವಿಗೆ ಕಲ್ಲು ಹಾಕಿ, ಸದ್ದು ಬರೋವರೆಗೆ ಎಣಿಸಿದ್ದೀಯಾ?"

"ಹ್ಞೂಂ."

"ಅದೂ ಹಾಗೇ. ಕಲ್ಲಿನ ಬದಲು ಒಂದು ಅಲೆ ಕಳಿಸುತ್ತೆ. ಅದು ನೀರಿಗೆ ತಗಲಿ ವಾಪಸ್ ಬರೋವರೆಗೆ ಎಣಿಸುತ್ತೆ. ಬೇಗ ಬಂದ್ರೆ ನೀರು ಹತ್ರ ಇದೆ ಅಂತ."

"ಅಷ್ಟೇನಾ?"

"ಅಷ್ಟೇ. ಆದ್ರೆ ಅದಕ್ಕೆ ಈ ಕ್ಷಣ ಬಿಟ್ಟು ಬೇರೇನೂ ಗೊತ್ತಿಲ್ಲ. ಹುಟ್ಟಿದ ಕೂಸು. ನಾಳೆ ಹೇಳ್ಬೇಕಾದ್ರೆ ನಿನ್ನೆ ಗೊತ್ತಿರ್ಬೇಕಲ್ಲ."

ನಿನ್ನೆಗಳೆಲ್ಲ ಅಜ್ಜಿಯ ಕಪಾಟಿನಲ್ಲಿದ್ದವು. ನದಿಯ ಮೇಲುಗಡೆ, ಇನ್ನೊಂದು ಸೇತುವೆಯಿತ್ತು; ಅಲ್ಲಿನ ನೀರು ಇಲ್ಲಿಗೆ ಬರಲು ಆರು ಗಂಟೆ ಬೇಕು. ಅಲ್ಲಿ ಇಷ್ಟು ಏರಿದರೆ ಇಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಎರಡೂ ಕಡೆಯ ಹಳೆಯ ಪುಸ್ತಕಗಳಿಂದ ಕಂಪ್ಯೂಟರಿಗೆ ಕಲಿಸಿದರೆ, ಸೈರನ್ ಆರು ಗಂಟೆ ಮೊದಲೇ ಕೂಗಬಹುದು. ಮೇಲಿನ ಸೇತುವೆಗೂ ಇಂಥದೇ ಡಬ್ಬಿ ಹಾಕಿಯಾಗಿತ್ತು, ಅಲ್ಲಿನ ಪುಸ್ತಕ ಆಗಲೇ ಕಂಪ್ಯೂಟರಿಗೆ ಹೋಗಿತ್ತು. ಇಲ್ಲಿನದ್ದು ಬಾಕಿ. ತೊಂದರೆಯೆಂದರೆ ಅಜ್ಜಿಯ ಕೈಬರಹ. ಅವಳ ಒಂದು ಯಾವುದು ಏಳು ಯಾವುದು ಎಂದು ಆಫೀಸಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ನನಗೆ ಗೊತ್ತಾಗುತ್ತೆ," ಎಂದಳು ಯಾಕಮ್ಮ.

ಹೀಗೆ ಅವಳ ರಜೆ ಆ ಕೋಣೆಯಲ್ಲಿ ಕಳೆಯಿತು. ಒಂದು ಮೇಜು, ಒಂದು ಕುರ್ಚಿ, ಒಂದು ಸ್ಟೂಲು, ಫೋನು, ಗೋಡೆ ಗಡಿಯಾರ, ಕಿಟಕಿಯಾಚೆ ನದಿ. ಮೇಜಿನ ಮೇಲೆ ಇಂಜಿನಿಯರಮ್ಮನ ಲ್ಯಾಪ್‌ಟಾಪು. ದಿನಕ್ಕೆ ಮೂರರಂತೆ ಮೂವತ್ತೊಂದು ವರ್ಷ, ಹತ್ತಿರ ಹತ್ತಿರ ಮೂವತ್ತನಾಲ್ಕು ಸಾವಿರ ಅಂಕೆ. ಹರಳು ಕಟ್ಟುವವರಂತೆ ಒಂದೊಂದನ್ನೇ ನೋಡಿ ನೋಡಿ ಟೈಪು ಮಾಡಿದಳು. ಊಟ ತಂದ ತಾಯಿ ಬಾಗಿಲಲ್ಲೇ ನಿಂತು ಗೊಣಗುತ್ತಿದ್ದಳು. "ಅಂಗಡೀಲಿ ಬಟ್ಟೆ ರಾಶಿ ಬಿದ್ದಿದೆ. ಇವಳಿಲ್ಲಿ ನೀರಿನ ಜಾತಕ ಬರೀತಿದ್ದಾಳೆ."

ನಡುನಡುವೆ ಇಂಜಿನಿಯರಮ್ಮ ಬೇರೆಯದನ್ನೂ ತೋರಿಸಿಕೊಡುತ್ತಿದ್ದಳು: ಅಂಕೆಗಳನ್ನು ಹೇಗೆ ಸಾಲಾಗಿ ನಿಲ್ಲಿಸುವುದು, ಅವುಗಳಿಗೆ ಪ್ರಶ್ನೆ ಹೇಗೆ ಕೇಳುವುದು, ಕಂಪ್ಯೂಟರು ಆಗಲ್ಲ ಎಂದಾಗ ಎಲ್ಲಿ ಎಡವಿದೆವೆಂದು ಹೇಗೆ ಹುಡುಕುವುದು. ಒಂದು ದಿನ ಸುಮ್ಮನೆ ಎಂಬಂತೆ ಅಂದಳು. "ನೀನು ಇದನ್ನೇ ಓದ್ಬಹುದು. ಟೆಕ್ನಿಕಲ್ ಕಾಲೇಜಿಗೆ ಬಾ."

"ನನಗೆ ಇದೆಲ್ಲ ಬರಲ್ಲ ಅಕ್ಕ. ಲೆಕ್ಕದಲ್ಲಿ ನನ್ನ ಮಾರ್ಕ್ಸ್ ನೋಡಿದ್ರೆ ನಗ್ತೀರ."

"ಫೇಲಾಗಿದ್ದೀಯಾ?"

"ಇಲ್ಲ."

"ನಾನು ಒಂದು ಸಲ ಆಗಿದ್ದೀನಿ. ನನಗಿಂತ ಮುಂದೇನೇ ಇದ್ದೀಯ. ಟೈಪ್ ಮಾಡು."

ಕೊನೆಯ ಪುಸ್ತಕದ ಕೊನೆಯ ಸಾಲು ಮುಗಿದದ್ದು ಒಂದು ಮಧ್ಯಾಹ್ನ. ಇಂಜಿನಿಯರಮ್ಮ ಎರಡು ಸಾಲು ಬರೆದು, ಒಂದು ಗುಂಡಿ ಒತ್ತು ಎಂದಳು. ಯಾಕಮ್ಮ ಒತ್ತಿದಳು.

ಪರದೆಯ ತುಂಬ ಚುಕ್ಕೆ ಬಿದ್ದವು. ಒಂದು ಅಂಕೆಗೆ ಒಂದು ಚುಕ್ಕೆ. ಎಡದಲ್ಲಿ ಮೊದಲ ವರ್ಷ, ಬಲದಲ್ಲಿ ಈ ವರ್ಷ. ಮಳೆಗಾಲಕ್ಕೊಮ್ಮೆ ಏರಿ ಬೇಸಿಗೆಗೊಮ್ಮೆ ಇಳಿದು, ಮಲಗಿದವರ ಎದೆಯಂತೆ ನದಿ ಮೂವತ್ತೊಂದು ಸಲ ಉಸಿರಾಡಿತ್ತು. ಅಷ್ಟೂ ಉಸಿರು ಒಂದೇ ನೋಟಕ್ಕೆ ಕಂಡಿತು. ಯಾಕಮ್ಮನಿಗೆ ಮೈ ಜುಮ್ಮೆಂದಿತು. ಅಜ್ಜಿ ಒಂದೊಂದು ಹೊತ್ತಿಗೆ ಒಂದೊಂದನ್ನೇ ಕಂಡಿದ್ದಳು. ಎಲ್ಲವನ್ನೂ ಒಟ್ಟಿಗೆ ಇದುವರೆಗೆ ಯಾವ ಕಣ್ಣೂ ಕಂಡಿರಲಿಲ್ಲ. ದೇವರಿಗೆ ನಮ್ಮ ದಿನಗಳು ಹೀಗೇ ಕಾಣುತ್ತವೋ ಏನೋ, ಒಂದರ ಪಕ್ಕ ಒಂದು, ಯಾವುದೂ ಕಳೆದುಹೋಗದೆ.

ಇಂಜಿನಿಯರಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಚಿತ್ರದ ಮೇಲುಭಾಗವನ್ನು ದೊಡ್ಡದು ಮಾಡಿದಳು. ಚುಕ್ಕೆಗಳ ನಡುವೆ ಒಂದು ಸಪೂರ ಬಿಳಿ ಪಟ್ಟಿ ಅಡ್ಡಡ್ಡ ಓಡಿತ್ತು, ಬೈತಲೆ ತೆಗೆದ ಹಾಗೆ.

"ಐದೂವರೆ ಮೀಟರಿಗಿಂತ ಕೆಳಗೆ ಎಲ್ಲಾ ಸರಿಯಿದೆ. ಐದು ಐವತ್ತೆಂಟರಿಂದ ಮೇಲೂ ಚುಕ್ಕೆ ಇವೆ. ನಡುವೆ ಎಂಟು ಸೆಂಟಿಮೀಟರಲ್ಲಿ ಒಂದೂ ಇಲ್ಲ. ಮೊದಲ ಎರಡು ವರ್ಷ ಇವೆ. ಮೂರನೇ ವರ್ಷದಿಂದ ಈಚೆಗೆ ನದಿ ಅಷ್ಟು ಜಾಗ ನೆಗೆದುಬಿಟ್ಟಿದೆ. ನದಿ ನೆಗೆಯುತ್ತಾ?"

"ಹಲಗೆ ಮೇಲಿನ ತುಂಡನ್ನ ಯಾರಾದ್ರೂ ತಪ್ಪಾಗಿ ಬಡಿದಿರಬಹುದಾ?"

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಡಬ್ಬಿ ಜೊತೆ ತಾಳೆ ನೋಡೋಕೆ ಇವತ್ತು ಬೆಳಿಗ್ಗೆ ತಾನೇ ಅಳೆದಿದ್ದೆ. ಹಲಗೆ ಸರಿಯಿದೆ, ಮೊಳೆ ಕೂಡ ಹಳೇವೇ." ಇಂಜಿನಿಯರಮ್ಮ ನಿಟ್ಟುಸಿರು ಬಿಟ್ಟಳು. "ನಾಳೆ ಮಧ್ಯಾಹ್ನ ರಿಪೋರ್ಟ್ ಕಳಿಸ್ಬೇಕು. ಕಾರಣ ಗೊತ್ತಿಲ್ಲದ ತಪ್ಪಿದ್ರೆ ಆಫೀಸ್ನವರು ಇಡೀ ಪುಸ್ತಕಾನೇ ಬಿಟ್ಟುಬಿಡ್ತಾರೆ. ಸೈರನ್ನಿಗೆ ಇನ್ಮೇಲೆ ಡಬ್ಬಿ ಅಳೆದದ್ದು ಮಾತ್ರ ಗೊತ್ತಿರುತ್ತೆ. ಕೆಳಬೀದಿಗೆ ಅದು ಸಾಲದು. ಕಾರಣ ಗೊತ್ತಾದ್ರೆ ಸರಿ ಮಾಡ್ಬಹುದು. ಆದ್ರೆ ಅದನ್ನ ಬರೆದು ತೋರಿಸ್ಬೇಕು."

ಯಾಕಮ್ಮ ಎಂಟು ಸೆಂಟಿಮೀಟರು ಎಷ್ಟೆಂದು ನೋಡಲು ಮೇಜಿನ ಮೇಲಿದ್ದ ಅಡಿಕೋಲಿನ ಮೇಲೆ ಕೈಯಿಟ್ಟಿದ್ದಳು. ಅವಳ ನಾಲ್ಕು ಬೆರಳು ಏಳಕ್ಕೆ ಬಂದವು. ಅಜ್ಜಿಯ ಬೆರಳು ಇವಳಿಗಿಂತ ದಪ್ಪ.

ನೆರೆಯ ದಿನಗಳಲ್ಲಿ ಅಜ್ಜಿ ಮೇಲಿನ ಮೆಟ್ಟಿಲಲ್ಲಿ ನಿಂತು, ಹಲಗೆಯ ಮೇಲೆ ನೀರಿನ ಅಂಚಿಗೆ ಸರಿಯಾಗಿ ಕೈ ಅಡ್ಡವಾಗಿ ಒತ್ತಿ ಹಿಡಿಯುತ್ತಿದ್ದಳು. ಆಮೇಲೆ ಕೈಯ ಮೇಲಂಚು ನೋಡಿ ಅಂಕೆ ಓದುತ್ತಿದ್ದಳು. ನದಿಯ ತಲೆ ನೇವರಿಸಿ ಸಮಾಧಾನ ಮಾಡುತ್ತಿದ್ದಾಳೆ ಎಂದು ಯಾಕಮ್ಮ ಇಷ್ಟು ವರ್ಷ ತಿಳಿದಿದ್ದಳು.

ಅವಳಿಗೆ ಮೊದಲು ಬಂದದ್ದು ಬೆರಗು. ಯಾರಿಗೂ ಹೇಳದ ಒಂದು ಗುಟ್ಟು ಮೂವತ್ತನಾಲ್ಕು ಸಾವಿರ ಚುಕ್ಕೆಗಳ ನಡುವಿಂದ ತಾನಾಗಿ ಎದ್ದು ಕಂಡಿತ್ತಲ್ಲ. ಬೆರಗಿನ ಬೆನ್ನಿಗೇ ಭಯ. ಹೇಳಿದರೆ, ಒಂದು ಹೊತ್ತೂ ತಪ್ಪಿಸದ ಅಜ್ಜಿ ಸುಳ್ಳು ಬರೆದವಳಾಗಿ ಮನೆಗೆ ಹೋಗುತ್ತಾಳೆ. ಹೇಳದಿದ್ದರೆ ಅವಳ ಮೂವತ್ತೊಂದು ವರ್ಷ ಕಸಕ್ಕೆ, ಕೆಳಬೀದಿಗೆ ಏನೂ ಅರಿಯದ ಸೈರನ್.

ಸಂಜೆ ಆರಕ್ಕೆ ಅಜ್ಜಿಯ ಜೊತೆ ಮೆಟ್ಟಿಲಿಳಿದಳು. ನೀರು ತಳದಲ್ಲಿತ್ತು. ಅಜ್ಜಿ ಕಣ್ಣು ಮುಚ್ಚಿ, ತೆರೆದು, ಒಂದು ನಲವತ್ತು ಎಂದು ಓದುವವರೆಗೆ ಕಾದಳು.

"ಅಜ್ಜಿ, ಮೂರನೇ ವರ್ಷ ಏನಾಯ್ತು?"

ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ಮೂರನೇ ವರ್ಷ ಅಲ್ಲ ಕಂದ. ಎರಡನೇ ವರ್ಷದ ಕೊನೇಲಿ."

ನಡೆದದ್ದನ್ನು ಹೇಳಿದಳು. ಒಂದು ಸಂಜೆ ನೀರು ಐದು ತೊಂಬತ್ತೆಂಟು ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು ಫೋನು ಮಾಡಿದಳು. ಆರು ಆಗಿಲ್ಲವಲ್ಲ, ಸೈರನ್ ಬೇಡ ಎಂದರು. ಬೆಳಗಾಗುವುದರೊಳಗೆ ನೀರು ಕೆಳಬೀದಿಗೆ ನುಗ್ಗಿತ್ತು. ಕೊನೆಯ ಮನೆಯಲ್ಲಿ ಒಬ್ಬ ಟೈಲರಿದ್ದ, ಕಾಲಿಲ್ಲದವನು. ಅವನಿಗೆ ಮಂಚದಿಂದ ಇಳಿಯಲಾಗಲಿಲ್ಲ.

"ಎರಡು ಸೆಂಟಿಮೀಟರು. ಒಂದು ಬೆರಳು," ಎಂದಳು ಅಜ್ಜಿ. "ಒಂದು ಬೆರಳಿಗೆ ಒಂದು ಜೀವ. ಅವತ್ತೇ ದೇವರ ಮುಂದೆ ಹೇಳ್ದೆ, ಇನ್ಮೇಲೆ ನೀರು ಹೆಚ್ಚಾದಾಗೆಲ್ಲ ನಾಲ್ಕು ಬೆರಳು ನನ್ನದು, ಪಾಪ ಬಂದ್ರೆ ಅದೂ ನನ್ನದು ಅಂತ. ಐದೂವರೆ ದಾಟಿದ ಮೇಲೆ ಮಾತ್ರ. ಕೆಳಗಿದ್ದಾಗ ಸುಳ್ಳು ಹೇಳಿ ಏನು ಪ್ರಯೋಜನ?"

"ಸುಮ್ಸುಮ್ನೆ ಸೈರನ್ ಕೂಗಿದ್ದಿಲ್ವಾ?"

"ಐದು ಸಲ. ಗಂಟುಮೂಟೆ ಹೊತ್ಕೊಂಡು ಮೇಲೆ ಬಂದು, ನೀರು ಬರ್ಲಿಲ್ಲ ಅಂತ ಮುದುಕೀಗೆ ಬೈದ್ರು. ಬೈಯೋಕೆ ಬದುಕಿದ್ರಲ್ಲ." ಮೊಮ್ಮಗಳ ಮುಖ ನೋಡಿದಳು. "ನಿನಗೆ ಯಾರು ಹೇಳಿದ್ರು? ನಿಮ್ಮಮ್ಮನಿಗೂ ಗೊತ್ತಿಲ್ಲ."

"ನೀನೇ ಹೇಳ್ದೆ. ನಿನ್ನ ಅಂಕೆಗಳು ಹೇಳಿದ್ವು."

ಆಮೇಲೆ ನಾಳೆಯ ರಿಪೋರ್ಟಿನ ವಿಷಯವನ್ನೂ ಹೇಳಿದಳು.  ಅಜ್ಜಿ ಕೇಳಿಸಿಕೊಂಡು, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

ಮರುದಿನ ಬೆಳಿಗ್ಗೆ ಅಜ್ಜಿ ಇಂಜಿನಿಯರಮ್ಮನ ಎದುರು ತಾನೇ ನಿಂತು ಎಲ್ಲವನ್ನೂ ಒಪ್ಪಿಸಿದಳು. ಬಾಗಿಲಲ್ಲಿ ತಾಯಿಯೂ ಇದ್ದಳು. ಅವಳ ಕೈಯಲ್ಲಿದ್ದ ತಿಂಡಿಯ ಡಬ್ಬಿ ಹಾಗೇ ಉಳಿಯಿತು.

ಇಂಜಿನಿಯರಮ್ಮ ತಲೆಯ ಹೆಲ್ಮೆಟ್ಟು ತೆಗೆದು ಮೇಜಿನ ಮೇಲಿಟ್ಟಳು. "ಇಪ್ಪತ್ತೊಂಬತ್ತು ವರ್ಷ, ಪ್ರತಿ ಸಲ, ಅಷ್ಟೇ ನಾಲ್ಕು ಬೆರಳಾ ಅಜ್ಜಿ? ಒಂದು ಸಲಾನೂ ಐದಿಲ್ಲ, ಮೂರಿಲ್ಲ?"

"ಮಾತು ಕೊಟ್ಟಿದ್ದು ನಾಲ್ಕಕ್ಕೆ."

"ನೀವು ಮಾಡಿದ್ದು ತಪ್ಪು. ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಅದೇ ತಪ್ಪು ಮಾಡ್ತಿದ್ದೆ. ಆದ್ರೆ ಇಷ್ಟು ನಿಯತ್ತಾಗಿ ಮಾಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ." ಅವಳ ದನಿ ತಗ್ಗಿತು. "ಯಾವಾಗ್ಲೂ ಒಂದೇ ಅಳತೆ ಆಗಿದ್ರಿಂದ ಕಳೆದುಬಿಡಬಹುದು. ಒಂದು ದಿನವೂ ಹಾಳಾಗಲ್ಲ."

"ಕಳೀಬೇಡಿ," ಎಂದಳು ಅಜ್ಜಿ.

ಎಲ್ಲರೂ ಅವಳ ಕಡೆ ನೋಡಿದರು.

"ನಾನು ಹೋಗ್ತೀನಿ. ಇನ್ಮೇಲೆ ಆ ಡಬ್ಬಿ ಇದ್ದದ್ದು ಇದ್ದ ಹಾಗೆ ಹೇಳುತ್ತೆ. ನೀವೂ ಕಳೆದುಬಿಟ್ರೆ ಆ ಬೀದಿಗೆ ನಾಲ್ಕು ಬೆರಳು ಕೊಡೋರು ಯಾರು?"

  ಯಾಕಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಅಲ್ಲಿಂದಲೇ ಕೇಳಿದಳು.

"ಪುಸ್ತಕದಿಂದ ತೆಗೆದು ಸೈರನ್ನಿಗೆ ಕೊಟ್ರೆ?"

"ಅಂದ್ರೆ?"

"ಪುಸ್ತಕದಲ್ಲಿ ನೀರು ಎಷ್ಟಿತ್ತೋ ಅಷ್ಟೇ ಇರಲಿ. ಸೈರನ್ ಆರಕ್ಕೆ ಯಾಕೆ ಕೂಗ್ಬೇಕು? ಐದು ತೊಂಬತ್ತೆರಡಕ್ಕೆ ಕೂಗಲಿ. ಆಗ ಯಾರೂ ಸುಳ್ಳು ಬರೆಯೋ ಹಾಗಿಲ್ಲ. ಅಜ್ಜಿ ನಾಲ್ಕು ಬೆರಳೂ ಎಲ್ಲಿಗೂ ಹೋಗಲ್ಲ."

ಇಂಜಿನಿಯರಮ್ಮ ಅವಳನ್ನೇ ನೋಡಿದಳು, ಹೊಸದಾಗಿ ಕಂಡವಳಂತೆ. ಎದ್ದು ತನ್ನ ಕುರ್ಚಿಯನ್ನು ಬಿಟ್ಟುಕೊಟ್ಟಳು. "ಬಾ. ನೀನೇ ಬರಿ."

ಒಂದೇ ಸಾಲು. ಐದೂವರೆಗಿಂತ ಹೆಚ್ಚಿದ್ದರೆ ಎಂಟು ಕಳೆ. ಬರೆದು, ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ ತಡೆದಳು. "ಮೊದಲ ಎರಡು ವರ್ಷ ಕಳೀಬಾರ್ದು ಅಲ್ವಾ ಅಕ್ಕ? ಅವು ನಿಜ." ಟೈಲರು ಹೋದ ದಿನದ ಮರುದಿನದಿಂದ ಎಂದು ಸೇರಿಸಿದಳು. ಆ ತಾರೀಖನ್ನು ಅಜ್ಜಿ ಪುಸ್ತಕ ನೋಡದೆ ಹೇಳಿದಳು.

ಇಪ್ಪತ್ತೊಂಬತ್ತು ವರ್ಷದ ನೆರೆಯ ಚುಕ್ಕೆಗಳೆಲ್ಲ ಒಂದೇ ಸಲ, ಒಂದೇ ಅಳತೆಗೆ, ಮೆಲ್ಲಗೆ ಕೆಳಗಿಳಿದವು. ಸಂಜೆ ಹಕ್ಕಿಗಳ ಹಿಂಡು ಮರಕ್ಕೆ ಇಳಿದ ಹಾಗೆ. ಬೈತಲೆ ಮುಚ್ಚಿಹೋಯಿತು. ನದಿಯಲ್ಲಿ ಎಲ್ಲೂ ಬಿರುಕು ಉಳಿಯಲಿಲ್ಲ.  ಅಜ್ಜಿ ಕೈ ಮುಂದೆ ಚಾಚಿ, ಪರದೆಯನ್ನು ಮುಟ್ಟದೆ, ಅದರ ಮುಂದೆ ಹಿಡಿದಳು. "ಇಷ್ಟು ದಿನ ಬದುಕಿದ್ನಾ ನಾನು," ಎಂದಳು ಮೆಲ್ಲಗೆ.

ರಿಪೋರ್ಟಿನಲ್ಲಿ ಇಂಜಿನಿಯರಮ್ಮ ಎಲ್ಲವನ್ನೂ ಬರೆದಳು, ಕಾರಣವನ್ನೂ. ಹತ್ತು ದಿನ ಆಫೀಸಿನಿಂದ ಸುದ್ದಿಯಿಲ್ಲ. ಅಜ್ಜಿ ಆ ಹತ್ತು ದಿನವೂ ಹೊತ್ತಿಗೆ ಸರಿಯಾಗಿ ಮೆಟ್ಟಿಲಿಳಿದಳು, ಊಟ ಮಾತ್ರ ಅರ್ಧಕ್ಕೆ ಬಿಟ್ಟಳು. ಹನ್ನೊಂದನೇ ದಿನ ಕಾಗದ ಬಂತು: ಪುಸ್ತಕಗಳನ್ನು ತಿದ್ದುಪಡಿಯೊಡನೆ ಸ್ವೀಕರಿಸಲಾಗಿದೆ, ಎಚ್ಚರಿಕೆಯ ಮಟ್ಟ ಐದು ತೊಂಬತ್ತೆರಡು. ಕೆಳಗೆ ಯಾರೋ ದೊಡ್ಡವರು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದರು: ಆ ತಾಯಿಗೆ ನಮ್ಮ ನಮಸ್ಕಾರ ತಿಳಿಸಿ.

ಅವತ್ತು ಸಂಜೆ ತಾಯಿ ಇಂಜಿನಿಯರಮ್ಮನ ಬಟ್ಟೆ ಇಸ್ತ್ರಿ ಮಾಡಿ ತಂದುಕೊಟ್ಟಳು. ಹೋಗದೆ ನಿಂತಳು.

"ಆ ಕಾಲೇಜಲ್ಲಿ ಹುಡುಗೀರು ಎಷ್ಟು ಜನ?"

"ನನ್ನ ಕಾಲಕ್ಕೆ ಮೂರು. ಈಗ ಹದಿನೆಂಟು ಅಂತೆ."

"ನೇತಾಡೋದೂ ಕಲಿಸ್ತಾರಾ?"

"ಬೇಕು ಅಂದೋರಿಗೆ."

ತಾಯಿ ಯೋಚಿಸಿದಳು. "ಇವಳು ಬೇಕು ಅಂತಾಳೆ. ನನಗೆ ಗೊತ್ತಲ್ಲ ಇವಳ ಬುದ್ಧಿ. ಹಗ್ಗ ಗಟ್ಟಿ ಇರುತ್ತಾ ಅಂತ ಒಂದು ಸಲ ನಾನೇ ಬಂದು ಎಳೆದು ನೋಡ್ತೀನಿ. ಆಮೇಲೆ ಸೇರಿಸ್ಕೊಳ್ಳಿ."

ಅಜ್ಜಿ ನಿವೃತ್ತಳಾಗಿ, ಯಾಕಮ್ಮ ಕಾಲೇಜಿಗೆ ಸೇರಿ ಮೂರು ವಾರವಾಗಿತ್ತು. ಒಂದು ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗಿತು.

ಜನ ಹೊರಗೆ ಬಂದು ನೋಡಿದರು. ಆಕಾಶ ತೊಳೆದಿಟ್ಟ ಹಾಗಿತ್ತು. ನದಿ ನಾಲ್ಕು ಮೀಟರಿನಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. "ನದಿ ಮಲಗಿದೆ, ಸೈರನ್ನಿಗೆ ಮಾತ್ರ ಎಚ್ಚರ," ಎಂದ ಚಪ್ಪಲಿ ಹೊಲಿಯುವವ. ಯಾಕಮ್ಮನ ತಾಯಿ ಅವನಿಗೆ ಒಂದು ಬಟ್ಟೆಯ ಗಂಟು ಹೊರಿಸಿದಳು. "ನಗೋದು ಮೇಲೆ ಹೋಗಿ ನಗು. ನಡಿ." ಮಧ್ಯಾಹ್ನದ ಹೊತ್ತಿಗೆ ಕೆಳಬೀದಿಯಲ್ಲಿ ಬೀಗ ಹಾಕಿದ ಬಾಗಿಲುಗಳಷ್ಟೇ ಇದ್ದವು.

ಎರಡು ಗಂಟೆಗೆ ನೀರಿನ ಬಣ್ಣ ಬದಲಾಯಿತು. ಮೂರಕ್ಕೆ ಮರದ ದಿಮ್ಮಿಗಳು ಬರತೊಡಗಿದವು. ಜನ ಸೇತುವೆಯ ಕಟ್ಟೆಗೆ ಒತ್ತಿ ನಿಂತರು. ಕಾಣದ ಊರಿನಲ್ಲಿ ಸುರಿದ ಮಳೆಯನ್ನು ಯಾರೂ ಹೇಳದೆ ಅರಿತು, ಆರು ಗಂಟೆ ಮೊದಲೇ ಕರೆದು ಎಬ್ಬಿಸಿದ್ದನ್ನು ನೆನೆದು ಕೆಲವರು ಆ ಬಿಳಿ ಡಬ್ಬಿಯ ಕಡೆ ನೋಡಿದರು. ಕೆಲವರು ಅಜ್ಜಿಯ ಕಡೆ ನೋಡಿದರು. ಅಜ್ಜಿ ಕಣ್ಣು ಮುಚ್ಚಿ ನಿಂತಿದ್ದಳು.

ನಾಲ್ಕಕ್ಕೆ ಕೋಣೆಯ ಫೋನು ಮೊಳಗಿತು. ಯಾಕಮ್ಮ ಎತ್ತಿದಳು. ಇಂಜಿನಿಯರಮ್ಮ. "ಡಬ್ಬಿ ಒಂದು ಅಂಕೆ ಹೇಳ್ತಿದೆ. ಏನಂತ ನಿನಗೆ ಹೇಳಲ್ಲ. ನೀನು ಹಲಗೆ ಓದಿ ಪುಸ್ತಕದಲ್ಲಿ ಬರೆದು ನನಗೆ ಹೇಳು. ಎರಡೂ ತಾಳೆ ನೋಡ್ಬೇಕು."

ಯಾಕಮ್ಮ ಮೇಲಿನ ಮೆಟ್ಟಿಲಿಗೆ ಬಂದು ನಿಂತಳು. ಪಾದದ ಕೆಳಗೇ ನದಿ, ಕೆಂಪಗೆ, ದೊಡ್ಡ ಪ್ರಾಣಿಯ ಬೆನ್ನಿನಂತೆ ಅಲುಗುತ್ತ. ಆಚೆ ಕೆಳಬೀದಿಯಲ್ಲಿ ನೀರು ಇಸ್ತ್ರಿ ಅಂಗಡಿಯ ಹೊಸ್ತಿಲನ್ನು ಮುಟ್ಟಿ ಒಳಗೆ ಜಾರುತ್ತಿತ್ತು. ಇಷ್ಟು ದೊಡ್ಡದರ ಮುಂದೆ ಪೆನ್ಸಿಲು ಹಿಡಿದು ನಿಲ್ಲುವುದೆಂದರೆ ಏನೆಂದು ಅವಳಿಗೆ ಈಗ ತಿಳಿಯಿತು. ಹಲಗೆಯ ಮೇಲೆ ಅಂಗೈ ಅಡ್ಡವಿಡಬೇಕೆಂದು ಕೈ ತಾನಾಗಿ ಏಳುತ್ತಿತ್ತು. ಅವಳು ಅದನ್ನು ಇಳಿಸಿದಳು. ಅಲೆಯೊಂದು ಬಂದು ಹೋಗುವವರೆಗೆ ಕಾದು, ಎರಡು ಸಲ ಓದಿದಳು.

ಆರು ಮೀಟರು ಮೂರು ಸೆಂಟಿಮೀಟರು.

ನೀರು ಎಷ್ಟಿತ್ತೋ ಅಷ್ಟನ್ನೇ ಬರೆದಳು.